ನಳಿಗೆಯೊಳಗಿನ ಸಡಿಲ: ಮಸ್ಕೆಟ್ಟೂ ರೈಫಲ್ಲೂ ಬೇರೆಯಾದದ್ದು ಎಲ್ಲಿ?

ಮೈಸೂರು ಅರಮನೆಯ ಆಯುಧಶಾಲೆಯಂಥ ಕಡೆ ಹಳೆಯ ಬಂದೂಕುಗಳ ಸಾಲಿನ ಮುಂದೆ ನಿಂತವರಿಗೆ ಮಸ್ಕೆಟ್ ಯಾವುದು, ರೈಫಲ್ ಯಾವುದು ಎಂದು ಹೊರನೋಟಕ್ಕೆ ತಿಳಿಯುವುದಿಲ್ಲ. ಎರಡಕ್ಕೂ ಉದ್ದನೆಯ ನಳಿಗೆ, ಮರದ ಮೈ, ಪಕ್ಕದಲ್ಲಿ ಕಿಡಿ ಹೊತ್ತಿಸುವ ಕುದುರೆ, ನಳಿಗೆಯ ಕೆಳಗೆ ಮದ್ದು ಗಿಡಿಯುವ ಸಲಾಕೆ. ವ್ಯತ್ಯಾಸವಿರುವುದು ಕಣ್ಣಿಗೆ ಬೀಳದ ಜಾಗದಲ್ಲಿ, ನಳಿಗೆಯ ಒಳಮೈಯಲ್ಲಿ. ಮಸ್ಕೆಟ್ಟಿನ ಒಳಮೈ ನಯ. ರೈಫಲ್ಲಿನ ಒಳಮೈಯಲ್ಲಿ ತಿರುಪಿನಂತೆ ಸುತ್ತಿಕೊಂಡು ಸಾಗುವ ಗೀರುಗಳು. ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: ಮೊದಲು ಮಸ್ಕೆಟ್ ಇತ್ತು, ಆಮೇಲೆ ಯಾರೋ ಗೀರು ಕಂಡುಹಿಡಿದರು, ರೈಫಲ್ ಬಂದು ಹಳೆಯದನ್ನು ಮೂಲೆಗೆ ತಳ್ಳಿತು. ಈ ಎರಡನೆಯ ಮಾತು ಸುಳ್ಳು. ಜರ್ಮನ್ ನಾಡುಗಳ ಕುಶಲಕರ್ಮಿಗಳು 1500ರ ಆಸುಪಾಸಿನಲ್ಲೇ ನಳಿಗೆಯೊಳಗೆ ಗೀರು ಕೊರೆಯುವುದನ್ನು ಬಲ್ಲವರಾಗಿದ್ದರು. ಆದರೂ ಯುರೋಪಿನ ಸೈನ್ಯಗಳು ತಮ್ಮ ಬಹುಪಾಲು ಕಾಲಾಳುಗಳ ಕೈಗೆ ನಯ ನಳಿಗೆಯ ಬಂದೂಕನ್ನೇ ಕೊಡುತ್ತ ಹೋದವು, 1850ರ ದಶಕದವರೆಗೆ. ಗೊತ್ತಿದ್ದ ವಿದ್ಯೆ ಮೂರೂವರೆ ಶತಮಾನ ಬೇಟೆಗಾರರ ಮನೆಯಲ್ಲೇ ಉಳಿದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಗೀರಿನಲ್ಲಿಲ್ಲ, ಗುಂಡಿಗೂ ನಳಿಗೆಗೂ ನಡುವೆ ಉಳಿದ ಸಡಿಲದಲ್ಲಿದೆ ಎಂಬುದು ಈ ಉಪನ್ಯಾಸದ ವಾದ. ಆ ಸಡಿಲ ಎಷ್ಟಿರಬೇಕು ಎಂಬುದನ್ನು ಲೋಹ ಮಾತ್ರ ತೀರ್ಮಾನಿಸಲಿಲ್ಲ. ಸೈನಿಕನನ್ನು ಎಷ್ಟು ನಂಬಬಹುದು ಎಂಬ ಲೆಕ್ಕವೂ ತೀರ್ಮಾನಿಸಿತು.

ಮೊದಲು ಒಂದು ಗೊಂದಲವನ್ನು ಬದಿಗಿಡೋಣ. ಮದ್ದಿಗೆ ಬೆಂಕಿ ಮುಟ್ಟಿಸುವ ಬಗೆ ಬೇರೆ, ನಳಿಗೆಯ ಬಗೆ ಬೇರೆ. ಉರಿಯುವ ಬತ್ತಿಯಿಂದ ಹೊತ್ತಿಸುವುದು, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವುದು, ಪೆಟ್ಟಿಗೆ ಸಿಡಿಯುವ ತಾಮ್ರದ ಕೇಪಿನಿಂದ ಹೊತ್ತಿಸುವುದು, ಈ ಮೂರು ಹಂತಗಳನ್ನೂ ಮಸ್ಕೆಟ್ಟೂ ಕಂಡಿದೆ, ರೈಫಲ್ಲೂ ಕಂಡಿದೆ. ಕೇಪು ತಂದ ಬದಲಾವಣೆ ಸಣ್ಣದಲ್ಲ. 1834ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಆರು ಸಾವಿರ ಗುಂಡು ಹಾರಿಸಿ ಹೋಲಿಸಿದಾಗ ಚಕಮಕಿ ಬಂದೂಕು ಸುಮಾರು ಆರೂವರೆ ಹೊಡೆತಕ್ಕೊಮ್ಮೆ ಕೈಕೊಟ್ಟಿತು, ಕೇಪಿನದು 166 ಹೊಡೆತಕ್ಕೊಮ್ಮೆ. ಆದರೆ ಹೊತ್ತಿಕೊಂಡ ಗುಂಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಕೇಪು ಏನೂ ಹೇಳುವುದಿಲ್ಲ. ನಮ್ಮ ಮಲೆನಾಡಿನ ಕೇಪಿನ ಕೋವಿ ನಯ ನಳಿಗೆಯದೇ. ಕೇಪು ಬಂದ ಮಾತ್ರಕ್ಕೆ ಅದು ರೈಫಲ್ ಆಗಲಿಲ್ಲ.

ಈಗ ಸಡಿಲಕ್ಕೆ ಬರೋಣ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸೈನಿಕ ಹಿಡಿದಿದ್ದ, ಬ್ರೌನ್ ಬೆಸ್ ಎಂಬ ಅಡ್ಡಹೆಸರಿನ ಮಸ್ಕೆಟ್ಟಿನ ನಳಿಗೆಯ ಒಳವ್ಯಾಸ ಸುಮಾರು 0.75 ಇಂಚು. ಅದಕ್ಕೆ ತುಂಬುತ್ತಿದ್ದ ಸೀಸದ ಗುಂಡಿನ ವ್ಯಾಸ ಸುಮಾರು 0.69 ಇಂಚು. ಎಂದರೆ ಗುಂಡಿಗೂ ನಳಿಗೆಗೂ ನಡುವೆ ಒಂದೂವರೆ ಮಿಲಿಮೀಟರಿನಷ್ಟು ಬಿಡುವು. ಮದ್ದು ಹೊತ್ತಿದಾಗ ಹೊಗೆ ಆ ಸಂದಿಯಿಂದ ನುಗ್ಗಿ ಹೊರಗೆ ಸೋರುತ್ತದೆ, ಗುಂಡು ನಳಿಗೆಯ ಗೋಡೆಗೆ ಆಚೆ ಈಚೆ ತಾಗುತ್ತ ಹೊರಡುತ್ತದೆ. ನಳಿಗೆಯ ಬಾಯಿಯನ್ನು ಬಿಡುವ ಗಳಿಗೆಯಲ್ಲಿ ಕೊನೆಯದಾಗಿ ಯಾವ ಕಡೆ ತಾಗಿತೋ ಅದಕ್ಕೆ ತಕ್ಕಂತೆ ಅದಕ್ಕೊಂದು ಸುತ್ತು ಬರುತ್ತದೆ. ಯಾವ ಸುತ್ತು ಎಂಬುದು ಹೊಡೆತದಿಂದ ಹೊಡೆತಕ್ಕೆ ಬೇರೆ. ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ತೋಪುಗಾರಿಕೆಯ ಹೊಸ ತತ್ವಗಳ ಬಗ್ಗೆ ಪುಸ್ತಕ ಬರೆದು ಹೆಸರು ಮಾಡಿದ್ದ ಈತ ಒಂದು ಮಸ್ಕೆಟ್ ನಳಿಗೆಯ ಬಾಯಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ, ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಗುಂಡು ಹಾರಿಸಿದ. ಗುಂಡು ಮೊದಲ ಪರದೆಗಳನ್ನು ಎಡಕ್ಕೆ ತೂತು ಮಾಡಿತು. ಮುಂದೆ ಹೋದಂತೆ ಬಾಗುತ್ತ ಬಾಗುತ್ತ ಬಲಕ್ಕೆ ಬಂತು. ಬಾಗಿದ ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡು ಬಲಕ್ಕೆ ಉರುಳುತ್ತ ಹೊರಟಿತ್ತು, ಆ ಉರುಳಾಟಕ್ಕೆ ಗಾಳಿ ಅದನ್ನು ಅದೇ ಕಡೆಗೆ ತಳ್ಳಿತ್ತು. ನೇರ ನಳಿಗೆಯ ಮಸ್ಕೆಟ್ ಗುರಿ ತಪ್ಪುವುದಕ್ಕೆ ಹೊಡೆಯುವವನ ಕೈನಡುಕವೊಂದೇ ಕಾರಣವಲ್ಲ, ಗುಂಡಿನ ಹುಟ್ಟಿನಲ್ಲೇ ಆ ದೋಷವಿದೆ ಎಂದು ಇದರಿಂದ ಸಾಬೀತಾಯಿತು. ಗೀರುಗಳು ಮಾಡುವುದು ಸುತ್ತನ್ನು ನಿಲ್ಲಿಸುವ ಕೆಲಸವನ್ನಲ್ಲ. ಗುಂಡು ಸುತ್ತಲೇಬೇಕು, ಆದರೆ ತಾನು ಹೋಗುವ ದಿಕ್ಕನ್ನೇ ಅಚ್ಚಾಗಿ ಇಟ್ಟುಕೊಂಡು, ಬುಗುರಿಯ ಹಾಗೆ ಸುತ್ತಬೇಕು. ಆಗ ಗಾಳಿಯ ತಳ್ಳಾಟ ಒಂದೇ ಪಕ್ಕಕ್ಕೆ ಬೀಳುವುದಿಲ್ಲ.

1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ಗೀರು ನಳಿಗೆಯ ಗುಣಗಳನ್ನು ವಿವರಿಸಿದ ರಾಬಿನ್ಸ್ ಒಂದು ಭವಿಷ್ಯವನ್ನೂ ನುಡಿದ: ಯಾವ ದೇಶ ಇದರ ಮರ್ಮವನ್ನು ಚೆನ್ನಾಗಿ ಅರಿತು ತನ್ನ ಸೈನ್ಯಕ್ಕೆ ಅಳವಡಿಸುತ್ತದೋ ಅದು ಉಳಿದವರ ಮೇಲೆ ಮೇಲುಗೈ ಪಡೆಯುತ್ತದೆ. ಆಮೇಲೆ ಆತ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಆತನ ಮಾತು ನಿಜವಾಗಲು ಇನ್ನೂ ನೂರು ವರ್ಷ ಹಿಡಿಯಿತು. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಷ್ಟು ಸ್ಪಷ್ಟವಾದ ವಿಜ್ಞಾನ ಕಣ್ಣ ಮುಂದಿದ್ದೂ ಸೇನಾಪತಿಗಳು ಕದಲಲಿಲ್ಲ ಎಂದರೆ ಅದು ಅವರ ಜಡತೆ, ಹಳೆಯದಕ್ಕೆ ಅಂಟಿಕೊಳ್ಳುವ ಚಟ ಎಂದು ಹೇಳಿ ಮುಗಿಸಬಾರದೇ? ಹಾಗೆ ಹೇಳಿದರೆ ನಮಗೆ ಸಮಾಧಾನವಾಗಬಹುದು, ಇತಿಹಾಸಕ್ಕೆ ಆಗುವುದಿಲ್ಲ. ಅದೇ ಸೇನಾಪತಿಗಳು ಬಯೊನೆಟ್ಟನ್ನು, ಕಬ್ಬಿಣದ ಸಲಾಕೆಯನ್ನು, ಹಗುರ ತೋಪುಗಳನ್ನು ಬೇಗನೆ ಒಪ್ಪಿಕೊಂಡವರು. ಅವರು ತಳ್ಳಿಹಾಕಿದ್ದು ಹೊಸತನ್ನಲ್ಲ, ರೈಫಲ್ ಕೇಳುತ್ತಿದ್ದ ಬೆಲೆಯನ್ನು.

ಬೆಲೆ ಹೀಗಿತ್ತು. ಗೀರು ಗುಂಡನ್ನು ಹಿಡಿಯಬೇಕಾದರೆ ಗುಂಡು ನಳಿಗೆಗೆ ಬಿಗಿಯಾಗಿ ಕೂರಬೇಕು. ಬಾಯಿಯ ಕಡೆಯಿಂದ ತುಂಬುವ ಬಂದೂಕಿನಲ್ಲಿ ಬಿಗಿಯಾದ ಗುಂಡನ್ನು ಮೂರು ಅಡಿ ಉದ್ದದ ನಳಿಗೆಯ ಬುಡಕ್ಕೆ ತಳ್ಳುವುದೆಂದರೆ ಸುತ್ತಿಗೆಯ ಕೆಲಸ; ಇಲ್ಲವಾದರೆ ಜಿಡ್ಡು ಸವರಿದ ಬಟ್ಟೆ ಅಥವಾ ತೊಗಲಿನ ತುಂಡಿನಲ್ಲಿ ಗುಂಡನ್ನು ಸುತ್ತಿ ಬಲ ಹಾಕಿ ಒತ್ತುವ ಕೆಲಸ. ಕರಿಮದ್ದು ಉರಿದು ಉಳಿಸುವ ಮಸಿ ನಾಲ್ಕಾರು ಹೊಡೆತಗಳೊಳಗೆ ಗೀರುಗಳನ್ನು ತುಂಬಿಬಿಡುತ್ತದೆ, ಆಮೇಲೆ ಸುತ್ತಿಗೆಗೂ ಗುಂಡು ಜಗ್ಗುವುದಿಲ್ಲ. ಮಸ್ಕೆಟ್ಟಿನ ಸಡಿಲ ಈ ಎಲ್ಲ ತೊಂದರೆಗಳಿಗೂ ಕೊಟ್ಟ ಉತ್ತರ. ಸೈನಿಕ ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡನ್ನು ಬಿಟ್ಟರೆ ಅದು ತನ್ನ ಭಾರಕ್ಕೇ ಒಳಗೆ ಜಾರುತ್ತಿತ್ತು. ಸಲಾಕೆಯ ಒಂದೆರಡು ಒತ್ತು ಸಾಕಾಗುತ್ತಿತ್ತು. ಚೆನ್ನಾಗಿ ಪಳಗಿದ ಆಳು ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲವನಾಗಿದ್ದ. ಅದೇ ನಿಮಿಷದಲ್ಲಿ ರೈಫಲ್‌ದಾರ ಒಂದು ಸಲ ಹೊಡೆದರೆ ಹೆಚ್ಚು. ಸಡಿಲವೆಂಬುದು ಕಮ್ಮಾರನ ಅಜಾಗ್ರತೆಯಲ್ಲ. ನಿಖರತೆಯನ್ನು ಬಿಟ್ಟುಕೊಟ್ಟು ವೇಗವನ್ನು ಕೊಂಡುಕೊಂಡ ವ್ಯಾಪಾರ.

ಒಮ್ಮೆ ಈ ವ್ಯಾಪಾರ ಕುದುರಿದ ಮೇಲೆ ಉಳಿದದ್ದೆಲ್ಲ ಅದರ ಬೆನ್ನಿಗೇ ಬಂತು. ಒಬ್ಬನ ಗುಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದಿದ್ದರೆ ನೂರು ಜನ ಒಟ್ಟಿಗೆ ಹೊಡೆಯಬೇಕು. ನೂರು ಜನ ಒಟ್ಟಿಗೆ ಹೊಡೆಯಬೇಕಾದರೆ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಬೇಕು, ಒಬ್ಬನೇ ಅಧಿಕಾರಿಯ ಕೂಗಿಗೆ ಕುದುರೆ ಎಳೆಯಬೇಕು. ಹದಿನೆಂಟನೆಯ ಶತಮಾನದಲ್ಲಿ ಪ್ರಶ್ಯದ ಪದಾತಿದಳ ನೂರು ಅಡಿ ಅಗಲ, ಆರಡಿ ಎತ್ತರದ ಗುರಿಗೆ, ಎಂದರೆ ಎದುರಿಗೆ ನಿಂತ ಸೈನಿಕರ ಒಂದು ಸಾಲಿನಷ್ಟು ದೊಡ್ಡ ಗುರಿಗೆ, ಮಸ್ಕೆಟ್ ಹೊಡೆದು ನೋಡಿತ್ತು. 225 ಗಜ ದೂರಕ್ಕೆ ನಾಲ್ಕರಲ್ಲಿ ಒಂದು ಗುಂಡು ತಾಗಿತು, 150 ಗಜಕ್ಕೆ ನೂರಕ್ಕೆ ನಲವತ್ತು, 75 ಗಜಕ್ಕೆ ಅರವತ್ತು. ಒಬ್ಬ ಮನುಷ್ಯನನ್ನು ಹೊಡೆಯಲು ಈ ಆಯುಧ ಪ್ರಯೋಜನಕ್ಕಿಲ್ಲ, ಆದರೆ ಒಂದು ಸಾಲನ್ನು ಒಡೆಯಲು ಧಾರಾಳವಾಗಿ ಸಾಕು. ಗುಂಡಿನ ಸುರಿಮಳೆಯ ನಂತರ ಬಯೊನೆಟ್ ಸಿಕ್ಕಿಸಿ ಮುನ್ನುಗ್ಗುವುದೇ ನಿರ್ಣಾಯಕವಾಗಿದ್ದ ಯುದ್ಧದಲ್ಲಿ ಉದ್ದನೆಯ ಮಸ್ಕೆಟ್ ಈಟಿಯ ಕೆಲಸವನ್ನೂ ಮಾಡುತ್ತಿತ್ತು. ಜೊತೆಗೆ ಅದನ್ನು ಅಗ್ಗವಾಗಿ, ಲಕ್ಷಗಟ್ಟಲೆ ಮಾಡಬಹುದಿತ್ತು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ ಮಾಡಿಸುತ್ತಿದ್ದ, 39 ಇಂಚು ನಳಿಗೆಯ ಸರಳ ಮಾದರಿಯನ್ನು ಫ್ರಾನ್ಸಿನ ಯುದ್ಧದ ಅವಸರದಲ್ಲಿ ಬ್ರಿಟಿಷ್ ಸರ್ಕಾರವೇ 1790ರ ದಶಕದಲ್ಲಿ ತನ್ನದಾಗಿಸಿಕೊಂಡಿತು. ನೆಪೋಲಿಯನ್ನನನ್ನು ಎದುರಿಸಿದ ಬ್ರಿಟಿಷ್ ಕಾಲಾಳುಗಳ ಕೈಯಲ್ಲಿದ್ದದ್ದು ಹೆಚ್ಚಾಗಿ ಈ ಇಂಡಿಯಾ ಮಾದರಿಯೇ.

ಅಮೆರಿಕದ ಸ್ವಾತಂತ್ರ್ಯವನ್ನು ರೈಫಲ್ ಗೆದ್ದುಕೊಟ್ಟಿತಲ್ಲ ಎಂದು ಕೇಳುವವರಿದ್ದಾರೆ. ಪೆನ್ಸಿಲ್ವೇನಿಯದ ಜರ್ಮನ್ ಮೂಲದ ಕುಶಲಕರ್ಮಿಗಳು ರೂಪಿಸಿದ ಉದ್ದ ನಳಿಗೆಯ ರೈಫಲ್ ನಿಜಕ್ಕೂ ಅದ್ಭುತ ಆಯುಧ. ಕಾಡಂಚಿನ ಬೇಟೆಗಾರ ಇನ್ನೂರು ಗಜ ದೂರದ ಗುರಿಯನ್ನು ನಂಬಿಕೆಯಿಂದ ಹೊಡೆಯಬಲ್ಲವನಾಗಿದ್ದ. ಆದರೆ ವಾಷಿಂಗ್ಟನ್ನನ ಸೈನ್ಯದ ಬಹುಪಾಲು ಜನ ಹಿಡಿದದ್ದು ಮಸ್ಕೆಟ್ಟನ್ನು. 1776ರ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನ ಕಾಳಗದಲ್ಲಿ ಬಯೊನೆಟ್ಟಿಲ್ಲದ ರೈಫಲ್‌ದಾರರು ಮರುಗುಂಡು ತುಂಬುವಷ್ಟರಲ್ಲಿ ಬ್ರಿಟಿಷರ ಪರ ಕಾದುತ್ತಿದ್ದ ಹೆಸ್ಸೆಯ ಬಾಡಿಗೆ ಸೈನಿಕರು ಮೈಮೇಲೆ ಬಂದಿದ್ದರು. ಅದೇ ವರ್ಷ ಅಮೆರಿಕನ್ನರ ಯುದ್ಧಮಂಡಳಿಯೇ ಸಾಕಷ್ಟು ಮಸ್ಕೆಟ್ ಸಿಗುವುದಾದರೆ ರೈಫಲ್ಲಿಗಿಂತ ಅವೇ ಮೇಲು ಎಂಬ ನಿಲುವಿಗೆ ಬಂದಿತ್ತು. 1777ರಲ್ಲಿ ಸರಟೋಗದಲ್ಲಿ ಡೇನಿಯಲ್ ಮಾರ್ಗನ್ನನ ರೈಫಲ್‌ದಾರರು ಹೆಸರು ಮಾಡಿದ್ದು ನಿಜ, ಆದರೆ ಅವರ ಜೊತೆಗೆ ಬಯೊನೆಟ್ ಹಿಡಿದ ಹಗುರ ಪದಾತಿದಳ ಇತ್ತೆಂಬುದನ್ನು ಮರೆಯಬಾರದು. ಇದಕ್ಕೆ ವಿರುದ್ಧ ಪಕ್ಷದಲ್ಲಿ ಪ್ಯಾಟ್ರಿಕ್ ಫರ್ಗುಸನ್ ಎಂಬ ಸ್ಕಾಟ್ ಅಧಿಕಾರಿ ಹಿಂಬದಿಯಿಂದ ತುಂಬುವ ರೈಫಲ್ಲೊಂದನ್ನು 1776ರಲ್ಲೇ ತೋರಿಸಿದ್ದ. ಹಿಂದಿನಿಂದ ತುಂಬಿದರೆ ಸಡಿಲದ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅದರ ತಿರುಪು ಬಿರಡೆಯನ್ನು ಅಂದಿನ ಕೈಕಸುಬಿನಲ್ಲಿ ಲಕ್ಷಗಟ್ಟಲೆ ಮಾಡಿಸುವ ದಾರಿ ಇರಲಿಲ್ಲ. ಆದದ್ದು ನೂರರ ಸುಮಾರು. ಉತ್ತರ ಸರಿಯಾಗಿತ್ತು, ಅದನ್ನು ತಯಾರಿಸುವ ಕಾರ್ಖಾನೆ ಇನ್ನೂ ಹುಟ್ಟಿರಲಿಲ್ಲ.

ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಬ್ರಿಟಿಷರ ಬೇಕರ್ ರೈಫಲ್. ಎಜೆಕಿಯಲ್ ಬೇಕರ್ ಎಂಬ ಬಂದೂಕುಗಾರನ ಮಾದರಿ 1800ರ ವುಲಿಚ್ ಪರೀಕ್ಷೆಯಲ್ಲಿ ಆಯ್ಕೆಯಾಯಿತು. ಮೂವತ್ತು ಇಂಚು ನಳಿಗೆ, ಏಳು ಗೀರು, ನಳಿಗೆಯ ಪೂರ್ತಿ ಉದ್ದಕ್ಕೆ ಕಾಲು ಸುತ್ತು ಮಾತ್ರ. ಅದನ್ನು ಹಿಡಿದ 95ನೆಯ ರೈಫಲ್ ದಳದವರು ಕೆಂಪು ಅಂಗಿಯ ಬದಲು ಹಸಿರು ಅಂಗಿ ತೊಟ್ಟರು, ಸಾಲು ಬಿಟ್ಟು ಚದುರಿದರು, ಮಲಗಿ ಹೊಡೆದರು, ಇಬ್ಬಿಬ್ಬರಾಗಿ ಒಬ್ಬ ತುಂಬುವಾಗ ಇನ್ನೊಬ್ಬ ಕಾವಲಿದ್ದು ಹೋರಾಡಿದರು. ಯಾವಾಗ ಹೊಡೆಯಬೇಕು, ಯಾರನ್ನು ಹೊಡೆಯಬೇಕು ಎಂಬ ತೀರ್ಮಾನ ಅಧಿಕಾರಿಯ ಗಂಟಲಿನಿಂದ ಸೈನಿಕನ ತಲೆಗೆ ಇಳಿಯಿತು. ಆದರೆ ಆ ದಳದವರು ತೋಟಾ ಚೀಲದಲ್ಲಿ ಎರಡು ಬಗೆಯ ಗುಂಡು ಇಟ್ಟುಕೊಂಡಿರುತ್ತಿದ್ದರು. ಗುರಿಯಿಟ್ಟು ಹೊಡೆಯುವಾಗ ಜಿಡ್ಡಿನ ತುಂಡಿನಲ್ಲಿ ಸುತ್ತಿದ ಬಿಗಿ ಗುಂಡು. ಶತ್ರು ಹತ್ತಿರ ಬಂದು ಅವಸರವಾದರೆ ಸುತ್ತಿಲ್ಲದ, ಸಡಿಲವಾದ ಗುಂಡಿನ ಕಾಗದದ ತೋಟಾ. ಎರಡನೆಯದನ್ನು ತುಂಬಿದ ಕ್ಷಣಕ್ಕೆ ಆ ಬಂದೂಕು ಹೇಗೆ ವರ್ತಿಸುತ್ತಿತ್ತು? ಗೀರುಗಳು ಅಲ್ಲೇ ಇದ್ದವು, ಗುಂಡು ಅವನ್ನು ಮುಟ್ಟುತ್ತಿರಲಿಲ್ಲ. ಅದು ಗೀರು ಕೊರೆದ ಮಸ್ಕೆಟ್. ಒಂದೇ ನಳಿಗೆ ಒಬ್ಬನೇ ಸೈನಿಕನ ಕೈಯಲ್ಲಿ ನಿಮಿಷದಿಂದ ನಿಮಿಷಕ್ಕೆ ಎರಡೂ ಆಗಬಲ್ಲದು ಎಂದಮೇಲೆ ಭೇದವನ್ನು ಗೀರಿಗೆ ಕಟ್ಟಿಹಾಕುವುದು ಹೇಗೆ? ಇತ್ತ ನೆಪೋಲಿಯನ್ 1807ರಲ್ಲಿ ತನ್ನ ಸೈನ್ಯದಲ್ಲಿದ್ದ ಕೆಲವೇ ರೈಫಲ್‌ಗಳನ್ನೂ ಹಿಂತೆಗೆಸಿದ. ಆತನ ಯುದ್ಧರೀತಿಗೆ ಅದು ತಕ್ಕದ್ದೇ.

ಇನ್ನೊಂದು ಆಕ್ಷೇಪ ಪೂರ್ವದ ಕಡೆಯಿಂದ ಬರುತ್ತದೆ. 1839ರಿಂದ 1842ರವರೆಗಿನ ಮೊದಲ ಆಫ್ಘನ್ ಯುದ್ಧದಲ್ಲಿ ಗುಡ್ಡದ ಮೇಲಿನ ಆಫ್ಘನ್ನರ ಜಜೈಲ್ ಬಂದೂಕಿನ ಗುಂಡು ಬ್ರಿಟಿಷರನ್ನು ತಲುಪುತ್ತಿತ್ತು, ಬ್ರಿಟಿಷರ ಮಸ್ಕೆಟ್ಟಿನದು ಆಫ್ಘನ್ನರನ್ನು ತಲುಪುತ್ತಿರಲಿಲ್ಲ. 1842ರ ಜನವರಿಯಲ್ಲಿ ಕಾಬೂಲಿನಿಂದ ಹಿಮ್ಮೆಟ್ಟಿದ ಪಡೆ ಕಣಿವೆಗಳಲ್ಲಿ ನಾಶವಾಗುವುದರಲ್ಲಿ ಈ ಅಂತರಕ್ಕೂ ಪಾಲಿದೆ. ಜಜೈಲ್‌ಗಳಲ್ಲಿ ಕೆಲವಕ್ಕೆ ಗೀರು ಇತ್ತು, ಅನೇಕಕ್ಕೆ ಇರಲಿಲ್ಲ. ನಯ ನಳಿಗೆಯೂ ದೂರ ಹೊಡೆಯಬಲ್ಲದು ಎಂದಾದರೆ ಈ ಉಪನ್ಯಾಸದ ವಿಷಯವೇ ಕುಸಿಯುವುದಿಲ್ಲವೇ? ಕುಸಿಯುವುದಿಲ್ಲ. ಜಜೈಲ್‌ದಾರ ನಿಧಾನವಾಗಿ ಅಳೆದು ಮದ್ದು ಹಾಕಿ, ನಳಿಗೆಗೆ ಹೊಂದುವ ಗುಂಡು ತುಂಬಿ, ಉದ್ದನೆಯ ನಳಿಗೆಯನ್ನು ಕವೆಗೋಲಿನ ಮೇಲೋ ಬಂಡೆಯ ಮೇಲೋ ಊರಿ, ತಾನೇ ಆರಿಸಿದ ಗಳಿಗೆಯಲ್ಲಿ ಹೊಡೆಯುತ್ತಿದ್ದ. ನಿಮಿಷಕ್ಕೆ ಮೂರು ಹೊಡೆತದ ಹಂಗು ಅವನಿಗಿರಲಿಲ್ಲ, ಆದ್ದರಿಂದ ಸಡಿಲದ ಅಗತ್ಯವೂ ಇರಲಿಲ್ಲ. ಹಿಂದೂಸ್ತಾನದ ಕೋಟೆಗಳ ಗೋಡೆಯ ಮೇಲಿನ ಬತ್ತಿಕೋವಿಗೂ ಇದೇ ಮಾತು ಸಲ್ಲುತ್ತದೆ. ಆಯುಧದ ಯೋಗ್ಯತೆಯ ಅರ್ಧ ಪಾಲು ಲೋಹದಲ್ಲಿದ್ದರೆ ಉಳಿದರ್ಧ ಅದನ್ನು ತುಂಬುವವನಿಗೆ ಕೊಟ್ಟ ಬಿಡುವಿನಲ್ಲಿರುತ್ತದೆ. ಹಾಗೆಂದು ಗೀರು ವ್ಯರ್ಥವೆಂದಲ್ಲ. ನೂರೈವತ್ತು ಗಜ ದಾಟಿದ ಮೇಲೆ ಬಿಗಿ ಗುಂಡಿನ ನಯ ನಳಿಗೆ ಬಿಗಿ ಗುಂಡಿನ ಗೀರು ನಳಿಗೆಗೆ ಸಾಟಿಯಲ್ಲ.

ಹಾಗಾದರೆ ಮೂರೂವರೆ ಶತಮಾನದ ಗಂಟು ಬಿಚ್ಚಿದ್ದು ಎಲ್ಲಿ? ನಳಿಗೆಯಲ್ಲಲ್ಲ, ಗುಂಡಿನಲ್ಲಿ. ತುಂಬುವಾಗ ಸಡಿಲವಾಗಿದ್ದು ಹಾರುವಾಗ ಬಿಗಿಯಾಗುವ ಗುಂಡು ಬೇಕಿತ್ತು, ಎಂದರೆ ಒಂದೇ ಗುಂಡು ಮಸ್ಕೆಟ್ಟಿನದಾಗಿ ಒಳಹೊಕ್ಕು ರೈಫಲ್ಲಿನದಾಗಿ ಹೊರಬರಬೇಕಿತ್ತು. ಫ್ರೆಂಚ್ ಅಧಿಕಾರಿ ಡೆಲ್ವಿನ್ 1820ರ ದಶಕದಲ್ಲಿ ನಳಿಗೆಯ ಬುಡದಲ್ಲಿ ಕಿರಿದಾದ ಕೋಣೆಯೊಂದನ್ನು ಮಾಡಿ, ಅದರ ಅಂಚಿನ ಮೇಲೆ ಕೂತ ಗುಂಡನ್ನು ಸಲಾಕೆಯಿಂದ ಕುಟ್ಟಿ ಅಗಲಿಸುವ ಉಪಾಯ ಹೂಡಿದ. ತೂವ್ನೆ ಎಂಬಾತ ಬುಡದಲ್ಲಿ ಉಕ್ಕಿನ ಗೂಟ ನಿಲ್ಲಿಸಿ ಅದರ ಮೇಲೆ ಕುಟ್ಟಿಸಿದ. ಕುಟ್ಟುವ ಕೆಲಸವನ್ನು ಸೈನಿಕನ ತೋಳಿನಿಂದ ತೆಗೆದು ಮದ್ದಿಗೇ ವಹಿಸಿದ್ದು 1849ರ ಹೊತ್ತಿಗೆ ಕ್ಲೋಡ್ ಮಿನಿಯೆಯ ಹೆಸರಿನಲ್ಲಿ ಬಂದ ಗುಂಡು. ಚೂಪು ತಲೆಯ ಉದ್ದ ಗುಂಡು, ಬುಡದಲ್ಲಿ ಟೊಳ್ಳು, ಟೊಳ್ಳಿನ ಬಾಯಲ್ಲಿ ಕಬ್ಬಿಣದ ಸಣ್ಣ ಬಟ್ಟಲು. ಮದ್ದು ಹೊತ್ತಿದೊಡನೆ ಬಟ್ಟಲು ಒಳನುಗ್ಗಿ ಗುಂಡಿನ ಮೃದು ಸೀಸವನ್ನು ಅಗಲಿಸಿ ಗೀರುಗಳಿಗೆ ಒತ್ತುತ್ತದೆ. ಅಮೆರಿಕದ ಹಾರ್ಪರ್ಸ್ ಫೆರಿಯಲ್ಲಿ ಜೇಮ್ಸ್ ಬರ್ಟನ್ ಬಟ್ಟಲೂ ಬೇಡವೆಂದು ತೋರಿಸಿದ, ಟೊಳ್ಳೊಂದೇ ಸಾಕು. ಅಲ್ಲಿಗೆ ರೈಫಲ್ ಮಸ್ಕೆಟ್ಟಿನಷ್ಟೇ ಬೇಗ ತುಂಬತೊಡಗಿತು. ಬ್ರಿಟನ್ನಿನ 1853ರ ಎನ್‌ಫೀಲ್ಡ್ ಈ ಕುಲದ್ದು: 39 ಇಂಚು ನಳಿಗೆ, ಮೂರು ಗೀರು, 0.577 ಇಂಚು ಒಳವ್ಯಾಸ, 900 ಗಜದವರೆಗೆ ಗುರುತು ಹಾಕಿದ ದೃಷ್ಟಿಪಟ್ಟಿ. ರಾಬಿನ್ಸ್ ಹೇಳಿದ ದಿನ ಬಂದಂತಾಯಿತು.

ಬಂತೇ? ಇತ್ತೀಚಿನ ಕೆಲವು ಸೈನಿಕ ಇತಿಹಾಸಕಾರರು, ಮುಖ್ಯವಾಗಿ ಪ್ಯಾಡಿ ಗ್ರಿಫಿತ್ ಮತ್ತು ಅರ್ಲ್ ಹೆಸ್, ಇದನ್ನು ಒಪ್ಪುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷಗಳ ಕೈಗೆ ರೈಫಲ್ ಬಂದ ಮೇಲೂ ಕಾಳಗಗಳು ಹೆಚ್ಚಾಗಿ ಮಸ್ಕೆಟ್ಟಿನ ದೂರದಲ್ಲೇ ನಡೆದವು ಎಂಬುದು ಅವರ ವಾದ. ಈ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಮಿನಿಯೆ ಬಗೆಯ ಗುಂಡು ಭಾರ, ವೇಗ ಕಡಿಮೆ. ಆದ್ದರಿಂದ ಅದು ಕಮಾನಿನ ದಾರಿ ಹಿಡಿಯುತ್ತದೆ. ಮುನ್ನೂರು ಗಜಕ್ಕೆ ದೃಷ್ಟಿಪಟ್ಟಿ ಇಟ್ಟು ಹೊಡೆದರೆ ನಡುದಾರಿಯಲ್ಲಿ ಗುಂಡು ಆಳೆತ್ತರವನ್ನು ಮೀರಿ ಹಾರುತ್ತದೆ, ಅಲ್ಲಿ ನಿಂತವನಿಗೆ ಏನೂ ಆಗುವುದಿಲ್ಲ. ದೂರವನ್ನು ಕಣ್ಣಳತೆಯಲ್ಲಿ ಸರಿಯಾಗಿ ಹೇಳಲಾಗದವನಿಗೆ ಗೀರಿನಿಂದ ಲಾಭವಿಲ್ಲ. ಇದನ್ನು ಅರಿತ ಬ್ರಿಟಿಷರು 1853ರಲ್ಲಿ ಹೈಥ್ ಎಂಬಲ್ಲಿ ಶಾಲೆಯನ್ನೇ ತೆರೆದು, ದೂರ ಅಂದಾಜಿಸುವುದನ್ನು ಸಾಮಾನ್ಯ ಸೈನಿಕನಿಗೂ ಕಲಿಸತೊಡಗಿದರು. ಅಮೆರಿಕದ ಸ್ವಯಂಸೇವಕ ಪಡೆಗಳಿಗೆ ಅಂಥ ತರಬೇತಿ ಇರಲೇ ಇಲ್ಲವೆನ್ನಬಹುದು. ತರಬೇತಿಯಿಲ್ಲದ ಕೈಯಲ್ಲಿ ರೈಫಲ್ ಮಸ್ಕೆಟ್ಟಾಗಿ ಉಳಿಯಿತು ಎಂಬುದು ನನ್ನ ವಾದದ ಖಂಡನೆಯಲ್ಲ, ಸಮರ್ಥನೆ. ಕ್ರಿಮಿಯದ ಯುದ್ಧವನ್ನು ನೋಡಿದರೂ ಚಿತ್ರ ಇಷ್ಟೇ ಮಿಶ್ರ: 1854ರ ನವೆಂಬರಿನ ಇಂಕರ್‌ಮನ್ ಕಾಳಗದಲ್ಲಿ ದಟ್ಟಣಿಸಿ ಬಂದ ರಷ್ಯನ್ ಸಾಲುಗಳನ್ನು ಮಿನಿಯೆ ಗುಂಡು ಸೀಳಿತು, ಆದರೆ ಅಂದು ಮಂಜು ಮುಸುಕಿತ್ತು, ದೂರದ ಗುರಿಯ ಮಾತೇ ಇರಲಿಲ್ಲ.

ಈ ಸಡಿಲದ ಕಥೆ ಭಾರತದಲ್ಲಿ ಪಡೆದ ತಿರುವು ಬೇರೆಲ್ಲೂ ಇಲ್ಲ. ಮಸ್ಕೆಟ್ಟಿನ ಗುಂಡು ಸಡಿಲವಾಗಿ ಜಾರುತ್ತಿದ್ದುದರಿಂದ ಅದಕ್ಕೆ ಜಿಡ್ಡು ಬೇಕಿರಲಿಲ್ಲ. ಎನ್‌ಫೀಲ್ಡ್‌ನ ಗುಂಡು 0.568 ಇಂಚಿನದು, ಬಿಡುವು ನೂರನೇ ಒಂದು ಇಂಚಿಗಿಂತ ಕಡಿಮೆ. ಮಸಿ ಹಿಡಿದ ನಳಿಗೆಯಲ್ಲಿ ಅದು ಇಳಿಯಬೇಕಾದರೆ ತೋಟಾದ ಗುಂಡಿನ ತುದಿಗೆ ಜಿಡ್ಡು ಸವರಲೇಬೇಕು. ತೋಟಾವನ್ನು ಹಲ್ಲಿನಿಂದ ಹರಿಯುವ ಕವಾಯತು ಮಸ್ಕೆಟ್ಟಿನ ಕಾಲದ್ದು, ಜಿಡ್ಡು ರೈಫಲ್ಲಿನ ಕಾಲದ್ದು. ಎರಡೂ ಒಂದೇ ತೋಟಾದಲ್ಲಿ ಕೂಡಿದವು. ದನ, ಹಂದಿಗಳ ಕೊಬ್ಬೆಂಬ ಸುದ್ದಿ 1857ರ ಜನವರಿಯಲ್ಲಿ ದಮ್‌ದಮ್‌ನ ತರಬೇತಿ ಕೇಂದ್ರದಿಂದ ಹಬ್ಬಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, ಏಪ್ರಿಲ್ 24ರಂದು ಮೀರತ್‌ನಲ್ಲಿ ತೋಟಾ ಮುಟ್ಟಲು ನಿರಾಕರಿಸಿದ 85 ಸವಾರರು, ಮೇ 10ರ ದಂಗೆ. ಇವು ಎಲ್ಲರಿಗೂ ಗೊತ್ತು. ಮೀರತ್‌ನಲ್ಲಿ ಕೊಟ್ಟ ತೋಟಾಗಳು ಹಳೆಯ ಬಗೆಯವೇ ಆಗಿದ್ದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಷ್ಟರಲ್ಲಿ ಅಪನಂಬಿಕೆ ತೋಟಾದಿಂದ ಅದನ್ನು ಕೊಡುವವನ ಮೇಲೇ ತಿರುಗಿತ್ತು. ದಂಗೆಗೆ ತೋಟಾ ನೆಪ ಮಾತ್ರ, ಕಾರಣ ಔಧದ ವಶ, ಭತ್ಯೆಯ ಕಡಿತ, ಸಮುದ್ರ ದಾಟಬೇಕೆಂಬ ಹೊಸ ಕಟ್ಟಳೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ನಾನು ಹೇಳುವುದು ಇಷ್ಟೇ: ಆ ನೆಪ ಹುಟ್ಟಿದ್ದು ನಳಿಗೆಯ ಸಡಿಲವನ್ನು ಕಿರಿದು ಮಾಡಿದ್ದರಿಂದ. ಕಿರಿದಾದ ಆ ಸಡಿಲ ಬ್ರಿಟಿಷರನ್ನೂ ಕಾಡಿತು. ನಮ್ಮ ಬೇಸಿಗೆಗೆ ಜಿಡ್ಡು ಕರಗಿ ಅವರ ಸೈನಿಕರೇ ಗುಂಡು ತುಂಬಲಾಗದೆ ಒದ್ದಾಡಿದ ಮೇಲೆ ಗುಂಡಿನ ವ್ಯಾಸವನ್ನು 0.55 ಇಂಚಿಗೆ ಇಳಿಸಬೇಕಾಯಿತು.

ದಂಗೆಯೆದ್ದ ಸಿಪಾಯಿಗಳು ಕಾದಿದ್ದು ಹೆಚ್ಚಾಗಿ ಹಳೆಯ ಮಸ್ಕೆಟ್‌ಗಳಿಂದ. 1857ರ ಜುಲೈ 12ರಂದು ಫತೇಪುರದಲ್ಲಿ ಬ್ರಿಟಿಷ್ ಸೇನಾಪತಿ ಹ್ಯಾವ್‌ಲಾಕ್‌ನ ಪಡೆ ಎನ್‌ಫೀಲ್ಡ್ ಹೊಡೆದಾಗ ಸಿಪಾಯಿಗಳ ಸಾಲು ತನ್ನ ಗುಂಡು ಮುಟ್ಟದ ದೂರದಲ್ಲೇ ಮುರಿಯಿತು. ಹ್ಯಾವ್‌ಲಾಕ್ ತನ್ನ ವರದಿಯಲ್ಲಿ ಗೆಲುವಿನ ಕಾರಣಗಳಲ್ಲೊಂದಾಗಿ ಆ ರೈಫಲ್ಲನ್ನು ಹೆಸರಿಸಿದ. ಇದರಿಂದ ಆಳುವವರು ಕಲಿತ ಪಾಠ ದಂಗೆಯ ನಂತರ ಕಬ್ಬಿಣದಲ್ಲೇ ಮೂಡಿತು. 1850ರ ದಶಕದ ಕೊನೆಯಲ್ಲಿ ಸಿಪಾಯಿಗಳಿಗೆಂದು ಹೊಸ ಮಾದರಿಯೊಂದು ಬಂತು. ಮೈಕಟ್ಟು ಎನ್‌ಫೀಲ್ಡ್‌ನದೇ. ಒಳಗೆ ಮಾತ್ರ ಗೀರಿಲ್ಲ; ನಳಿಗೆಯನ್ನು 0.65 ಇಂಚಿನಷ್ಟಕ್ಕೆ ಅಗಲಿಸಿ ನಯ ಮಾಡಲಾಗಿತ್ತು. ದೂರಕ್ಕೆ ತಕ್ಕಂತೆ ಏರಿಸುವ ದೃಷ್ಟಿಪಟ್ಟಿಯೂ ಇಲ್ಲ. ಮಿತವ್ಯಯಕ್ಕಾಗಿ, ಅಥವಾ ಜಿಡ್ಡಿನ ತೋಟಾದ ರಗಳೆಯೇ ಬೇಡವೆಂದು ಹೀಗೆ ಮಾಡಿದರು ಎನ್ನಬಹುದೇ? ಮಿತವ್ಯಯವೇ ಗುರಿಯಾಗಿದ್ದರೆ ಎಲ್ಲರಿಗೂ ಒಂದೇ ಬಂದೂಕು, ಒಂದೇ ತೋಟಾ ಇಡುವುದು ಲಾಭ. ಒಂದೇ ಸೈನ್ಯದಲ್ಲಿ ಎರಡು ವ್ಯಾಸದ ಗುಂಡು ಸಾಗಿಸುವುದು ಉಗ್ರಾಣದವನ ತಲೆನೋವು. ಜಿಡ್ಡೇ ಅಡ್ಡಿಯಾಗಿದ್ದರೆ ಅದನ್ನು ಬದಲಿಸುವುದು ಕಷ್ಟವಿರಲಿಲ್ಲ. ಹಲ್ಲಿನ ಬದಲು ಕೈಯಿಂದ ಹರಿಯಲು 1857ರಲ್ಲೇ ಅಪ್ಪಣೆಯಾಗಿತ್ತು. ಇದೇ ಹೊತ್ತಿಗೆ, ದಂಗೆಯಲ್ಲಿ ಬ್ರಿಟಿಷರ ಪಕ್ಕ ನಿಂತ ಸಿರ್ಮೂರಿನ ಗೂರ್ಖಾ ಪಡೆಯನ್ನು 1858ರಲ್ಲಿ ರೈಫಲ್ ದಳವೆಂದೇ ಕರೆದು ಗೌರವಿಸಲಾಯಿತು. ಯಾರನ್ನು ನಂಬುತ್ತಾರೋ ಅವರಿಗೆ ಗೀರು, ನಂಬದವರಿಗೆ ನಯ. ಒಂದು ಕಾಲಕ್ಕೆ ನಯ ನಳಿಗೆ ವೇಗಕ್ಕಾಗಿ ಮಾಡಿಕೊಂಡ ವ್ಯಾಪಾರದ ಗುರುತಾಗಿತ್ತು. ಈಗ ಅದು ನೀತಿಯ ಗುರುತಾಯಿತು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1866ರ ಜುಲೈನಲ್ಲಿ ಕೋನಿಗ್‌ಗ್ರೇಟ್ಸ್‌ನಲ್ಲಿ ಹಿಂದಿನಿಂದ ತುಂಬುವ ಡ್ರೈಸೆ ಬಂದೂಕಿನ ಪ್ರಶ್ಯನ್ನರು ಬಾಯಿಂದ ತುಂಬುವ ಆಸ್ಟ್ರಿಯನ್ನರನ್ನು ಸೋಲಿಸಿದ ಮೇಲೆ ಯುರೋಪಿಗೆ ಯಾವ ಸಂಶಯವೂ ಉಳಿಯಲಿಲ್ಲ. ಬ್ರಿಟನ್ ಎನ್‌ಫೀಲ್ಡ್‌ಗಳ ಬುಡ ಕತ್ತರಿಸಿ ಹಿಂದಿನಿಂದ ತುಂಬುವ ಸ್ನೈಡರ್ ಆಗಿಸಿತು. ಹಿಂದಿನಿಂದ ತುಂಬಿದಾಗ ಗುಂಡು ನಳಿಗೆಗಿಂತ ತುಸು ದಪ್ಪವೇ ಇರಬಹುದು, ಸಡಿಲವೆಂಬ ಚೌಕಾಸಿ ಅಲ್ಲಿಗೆ ಮುಗಿಯಿತು. ಸಿಪಾಯಿಗೆ ಗೀರು ನಳಿಗೆ ಸಿಕ್ಕಿದ್ದು ಈ ಹಂತದಲ್ಲಿ, ಬ್ರಿಟಿಷ್ ಸೈನಿಕ ಅದಕ್ಕಿಂತ ಒಂದು ಮೆಟ್ಟಿಲು ಮೇಲೇರಿದ ನಂತರವೇ. 1888ರಲ್ಲಿ ಗೋರಾ ಪಡೆಗಳಿಗೆ ಒಟ್ಟಿಗೆ ಹಲವು ಗುಂಡು ಹಿಡಿಯುವ ಲೀ-ಮೆಟ್‌ಫರ್ಡ್ ಬಂದ ಮೇಲೂ, 1897ರ ಗಡಿನಾಡಿನ ಕದನಗಳಲ್ಲಿ ಸಿಪಾಯಿಯ ಕೈಯಲ್ಲಿದ್ದದ್ದು ಒಂದೊಂದೇ ಗುಂಡಿನ ಮಾರ್ಟಿನಿ-ಹೆನ್ರಿ.

ಸೈನ್ಯದ ಹೊರಗೆ ನಯ ನಳಿಗೆ ಸಾಯಲಿಲ್ಲ. ಚರೆ ಹೊಡೆಯುವುದಕ್ಕೆ ಅದೇ ಬೇಕು. ಗೀರಿನಲ್ಲಿ ಸುತ್ತಿ ಹೊರಬಂದ ಚರೆ ನಡುವೆ ಬಯಲು ಬಿಟ್ಟು ಉಂಗುರದಂತೆ ಚದುರುತ್ತದೆ. ಆದರೆ ಅದು ಉಳಿದದ್ದಕ್ಕೆ ಚರೆಯೊಂದೇ ಕಾರಣವಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಪ್ರಜೆಯ ಮನೆಯ ಎಲ್ಲ ಆಯುಧಗಳ ಮೇಲೂ ಕೈಯಿಟ್ಟಿತ್ತು; ಅದನ್ನು ಒಪ್ಪದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಪ್ರಾಣ ತೆತ್ತದ್ದನ್ನು ಲಾವಣಿಗಳು ಹಾಡುತ್ತವೆ. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಅಷ್ಟು ಕಠೋರವಲ್ಲ, ಆದರೆ ನಳಿಗೆಯ ಒಳಮೈಯನ್ನು ಅದೂ ನೋಡುತ್ತದೆ. ಅದರ 13ನೆಯ ಕಲಮಿನಂತೆ ರಕ್ಷಣೆಗೋ ಕ್ರೀಡೆಗೋ ನಾಗರಿಕನೊಬ್ಬ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿ ಕೇಳಿದರೆ, ಅಥವಾ ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಬೇರೆ ಕಾರಣವಿಲ್ಲದಿದ್ದಲ್ಲಿ ಪರವಾನಗಿ ಕೊಡಬೇಕು. ಬಹುತೇಕ ರೈಫಲ್ಲೂ ಸೇರಿ ಉಳಿದ ಆಯುಧಗಳಿಗಾದರೆ ಅರ್ಜಿದಾರನಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಬೆಳೆ ಕಾಯುವ ರೈತನಿಗೆ ಬಾಯಿಂದ ತುಂಬುವುದು ಸಾಲದೆಂದು ಕಂಡರೆ ಬೇರೆ ಕೋವಿ ಕೊಡುವ ಅವಕಾಶವೂ ಅಲ್ಲಿದೆ, ಅದೂ ನಯ ನಳಿಗೆಯದೇ ಆಗಿರಬೇಕು.